ವಿಜ್ಞಾನದ ರುಚಿ ಹತ್ತಬೇಕಾದರೆ ಮೊದಲು ಊಹೆ ಬರೆದಿಡಿ

ವಿಜ್ಞಾನಿಗಳು ಒಂದೇ ವಿಷಯದ ಬೆನ್ನು ಹತ್ತಿ ಇಡೀ ಆಯುಸ್ಸು ಹೇಗೆ ಕಳೆಯುತ್ತಾರೆ, ಅವರಿಗೆ ಬೇಸರವಾಗುವುದಿಲ್ಲವೇ ಎಂದು ಮಕ್ಕಳೂ ಕೇಳುತ್ತಾರೆ, ಅವರ ತಂದೆತಾಯಿಯೂ ಕೇಳುತ್ತಾರೆ. ಮೈಸೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದ ನನಗೆ ಈ ಪ್ರಶ್ನೆ ಹಳೆಯದು. ಇದಕ್ಕೆ ಮಾತಿನಲ್ಲಿ ಉತ್ತರ ಕೊಟ್ಟರೆ ಹೆಚ್ಚು ಪ್ರಯೋಜನವಿಲ್ಲ. ಜ್ಞಾನದ ಹಸಿವು, ಪ್ರಕೃತಿಯ ಸೌಂದರ್ಯ ಎಂದೆಲ್ಲ ಹೇಳಿದರೆ ಕೇಳಿದವರು ತಲೆದೂಗುತ್ತಾರೆ, ಮನೆಗೆ ಹೋಗಿ ಮರೆಯುತ್ತಾರೆ. ವಿಜ್ಞಾನಿಗೆ ಸಿಗುವ ಸುಖದ ಒಂದು ಚೂರನ್ನಾದರೂ ತಾವೇ ಅನುಭವಿಸಿದವರಿಗೆ ಮಾತ್ರ ಅದರ ಸೆಳೆತ ತಿಳಿಯುತ್ತದೆ. ಅದಕ್ಕೆ ಸೂಕ್ಷ್ಮದರ್ಶಕ ಬೇಡ, ಪ್ರಯೋಗಾಲಯ ಬೇಡ. ಅಗಲ ಬಾಯಿಯ ಕೆಲವು ಗಾಜಿನ ಬಾಟಲಿ, ಮಾಗಿದ ಬಾಳೆಹಣ್ಣು, ಒಂದು ನೋಟು ಪುಸ್ತಕ, ಮೂರು ನಾಲ್ಕು ವಾರದ ತಾಳ್ಮೆ ಸಾಕು. ನಮ್ಮ ಸರಸ್ವತಿಪುರಂ ಬೀದಿಯ ಮಕ್ಕಳೊಂದಿಗೆ ನಾನು ಮಾಡುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದರಲ್ಲಿ ನಾನು ಬಿಟ್ಟುಕೊಡದ ನಿಯಮ ಒಂದೇ ಒಂದು. ಬಾಟಲಿಯನ್ನು ನೋಡುವ ಮೊದಲು, ಅದರಲ್ಲಿ ಏನು ಕಾಣುತ್ತದೆ ಎಂದು ನಿಮಗೆ ಅನ್ನಿಸುತ್ತದೋ ಅದನ್ನು ಪೆನ್ನಿನಲ್ಲಿ ಬರೆದು, ದಿನಾಂಕ ಹಾಕಿ, ಕೆಳಗೆ ಹೆಸರು ಬರೆಯಬೇಕು. ಪೆನ್ಸಿಲ್ ಬೇಡ. ಮನಸ್ಸಿನಲ್ಲೇ ಇಟ್ಟುಕೊಂಡ ಊಹೆ ಫಲಿತಾಂಶ ಕಂಡ ಕೂಡಲೇ ಅದಕ್ಕೆ ತಕ್ಕಂತೆ ಬಾಗಿಬಿಡುತ್ತದೆ. "ನಾನೂ ಹಾಗೆಯೇ ಅಂದುಕೊಂಡಿದ್ದೆ" ಎಂದು ನಮಗೆ ನಾವೇ ಹೇಳಿಕೊಳ್ಳುತ್ತೇವೆ. ಕಾಗದಕ್ಕೆ ಇಳಿದ ಊಹೆ ಬಾಗುವುದಿಲ್ಲ. ಬರೆದ ಗಳಿಗೆಯಿಂದ ಬಾಟಲಿಗೂ ನಿಮಗೂ ಪಣ ಬಿದ್ದಂತಾಗುತ್ತದೆ. ರಾತ್ರಿ ಮಲಗುವಾಗ ಅದರ ನೆನಪಾಗುತ್ತದೆ, ಬೆಳಗ್ಗೆ ಹಲ್ಲುಜ್ಜುವ ಮೊದಲೇ ಕಾಲು ಅತ್ತ ಎಳೆಯುತ್ತದೆ. ವಿಜ್ಞಾನಿಗಳನ್ನು ವರ್ಷಗಟ್ಟಲೆ ಕೂರಿಸುವುದು ಈ ಪಣವೇ ಎಂಬುದು ನನ್ನ ನಂಬಿಕೆ. ಈಗಾಗಲೇ ತಿಳಿದಿರುವ ಸಂಗತಿಗಳ ರಾಶಿ ಯಾರನ್ನೂ ಅಷ್ಟು ಬೇಗ ಹಾಸಿಗೆಯಿಂದ ಎಬ್ಬಿಸುವುದಿಲ್ಲ.

ಸಿ.ವಿ. ರಾಮನ್ ಅವರ ಸಮುದ್ರಯಾನದ ಕಥೆ ಎಲ್ಲರಿಗೂ ಗೊತ್ತು. ಅದರ ತಿರುಳನ್ನು ಗಮನಿಸಿದವರು ಕಡಿಮೆ. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರ ಕಣ್ಣಿಗೆ ಬಿತ್ತು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವಷ್ಟೇ ಎಂದು ಇಂಗ್ಲೆಂಡಿನ ಹೆಸರಾಂತ ಭೌತವಿಜ್ಞಾನಿ ಲಾರ್ಡ್ ರ‍್ಯಾಲಿ ಹೇಳಿಯಾಗಿತ್ತು. ಅಷ್ಟು ದೊಡ್ಡವರು ಹೇಳಿದ ಮೇಲೆ ಮುಗಿಯಿತು ಎಂದು ರಾಮನ್ ಸುಮ್ಮನಾಗಲಿಲ್ಲ. ರ‍್ಯಾಲಿ ಹೇಳಿದ್ದು ನಿಜವಾದರೆ, ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ತಡೆದಾಗ ನೀಲಿ ಮಾಸಬೇಕು. ಜೇಬಿನಲ್ಲಿದ್ದ ನಿಕೋಲ್ ಪ್ರಿಸಂ (ಪ್ರತಿಫಲಿತ ಬೆಳಕನ್ನು ತಡೆಯಬಲ್ಲ ಹರಳು) ತೆಗೆದು, ಪ್ರತಿಫಲನ ಅಡಗುವ ಕೋನದಲ್ಲಿ ಹಿಡಿದು ನೋಡಿದರು. ನೀಲಿ ಮಾಸಲಿಲ್ಲ, ಇನ್ನಷ್ಟು ಗಾಢವಾಯಿತು. ಬಣ್ಣ ನೀರಿನೊಳಗೇ ಹುಟ್ಟುತ್ತಿತ್ತು. ನೀರಿನ ಅಣುಗಳು ಬೆಳಕನ್ನು ಚದುರಿಸುತ್ತಿದ್ದವು. ಚದುರಿದ ಬೆಳಕಿನ ಬೆನ್ನು ಹತ್ತಿದ ಆ ದಾರಿಯೇ ರಾಮನ್ ಪರಿಣಾಮ ಕಂಡುಹಿಡಿದ 1928ರ ಫೆಬ್ರವರಿ 28ಕ್ಕೂ, 1930ರ ನೊಬೆಲ್ ಪ್ರಶಸ್ತಿಗೂ ಅವರನ್ನು ಮುಟ್ಟಿಸಿತು. ಹಡಗಿನಲ್ಲಿದ್ದ ಬೇರೆ ಪ್ರಯಾಣಿಕರೂ ಅದೇ ನೀಲಿಯನ್ನು ನೋಡಿ ಮೆಚ್ಚಿರಬೇಕು. "ಹೀಗಿದ್ದರೆ ಹಾಗಾಗಬೇಕು" ಎಂಬ ನಿರೀಕ್ಷೆಯನ್ನು ಕಟ್ಟಿಕೊಂಡು ನೋಡಿದವರು ರಾಮನ್.

ನಿಮ್ಮ ಸಮುದ್ರ ಬಾಟಲಿಯೊಳಗಿರುತ್ತದೆ. ಅದನ್ನು ಹೂಡುವ ಬಗೆ ಹೀಗೆ.

ಮೊದಲ ಪಣ: ಹುಳು ಎಲ್ಲಿಂದ ಬಂತು?

ನಮಗೆ ಬೇಕಾದ ಜೀವಿ ಹಣ್ಣುನೊಣ. ಮಾಗಿದ ಬಾಳೆಹಣ್ಣಿನ ಮೇಲೆ ಏಳುವ, ಎಳ್ಳಿನಷ್ಟು ಗಾತ್ರದ, ಕೆಂಪು ಕಣ್ಣಿನ ನೊಣ. ಗುಂಗುರು ಎಂದು ಕೈಬೀಸಿ ಓಡಿಸುತ್ತೇವಲ್ಲ, ಅದೇ. ಶಾಸ್ತ್ರದಲ್ಲಿ ಡ್ರೊಸೊಫಿಲ. ಕಸದ ಮೇಲೆ ಕೂರುವ ದೊಡ್ಡ ಮನೆನೊಣ ಇದಲ್ಲ. ಮೈಸೂರಿನ ಹವೆ ಇದಕ್ಕೆ ಹೇಳಿ ಮಾಡಿಸಿದಂತಿದೆ, ಅದರಲ್ಲೂ ಮುಂಗಾರು ಶುರುವಾದ ಮೇಲಿನ ತಿಂಗಳುಗಳು. ಏಪ್ರಿಲ್‌ನ ಸುಡುಬಿಸಿಲಿನಲ್ಲಿ ನೊಣಗಳ ಸಂತಾನ ಕುಗ್ಗುತ್ತದೆ, ಮಕ್ಕಳು ನಿರಾಶರಾಗುತ್ತಾರೆ. ಆಗ ಶುರು ಮಾಡಬೇಡಿ. ಏಲಕ್ಕಿ ಬಾಳೆಯೋ ಪಚ್ಚಬಾಳೆಯೋ ಆದೀತು. ನಂಜನಗೂಡು ರಸಬಾಳೆ ಸಿಕ್ಕರೆ ದಯವಿಟ್ಟು ನೀವೇ ತಿನ್ನಿ.

ಎರಡು ಬಾಟಲಿಗಳನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ. ಹಣ್ಣಿನ ಸಿಪ್ಪೆ ಸುಲಿದು ಎರಡಕ್ಕೂ ಸಮನಾಗಿ ಹಾಕಿ, ಚಮಚದಿಂದ ಹಿಸುಕಿ, ಒಂದು ಚಿಟಿಕೆ ಯೀಸ್ಟ್ ಉದುರಿಸಿ. ಮರಿಹುಳು ತಿನ್ನುವುದು ಹಣ್ಣಿಗಿಂತ ಹೆಚ್ಚಾಗಿ ಅದರಲ್ಲಿ ಬೆಳೆಯುವ ಯೀಸ್ಟನ್ನೇ. ಹಣ್ಣು ನೀರು ಬಿಟ್ಟಾಗ ನೊಣ ಅಂಟಿ ಸಾಯದಂತೆ ಮಡಿಸಿದ ಟಿಶ್ಯೂ ಕಾಗದದ ತುಂಡೊಂದನ್ನು ಅದರಲ್ಲಿ ನೆಟ್ಟಗೆ ನಿಲ್ಲಿಸಿ. ಒಂದು ಬಾಟಲಿಯ ಬಾಯಿಗೆ ಕೂಡಲೇ ಹಳೆಯ ಪಂಚೆಯ ತುಂಡನ್ನು ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ಸೊಳ್ಳೆಪರದೆಯ ಬಟ್ಟೆ ಬೇಡ, ಅದರ ಕಣ್ಣಿನಲ್ಲಿ ಈ ನೊಣ ನುಸುಳುತ್ತದೆ. ಇನ್ನೊಂದನ್ನು ತೆರೆದೇ ಎರಡನ್ನೂ ಹಣ್ಣಿನ ಬುಟ್ಟಿಯ ಪಕ್ಕದಲ್ಲಿ ಎರಡು ದಿನ ಇಡಿ. ಆಮೇಲೆ ತೆರೆದ ಬಾಟಲಿಗೂ ಬಟ್ಟೆ ಕಟ್ಟಿ.

ಈಗ ಊಹೆ ಬರೆಯಿರಿ. ಯಾವ ಬಾಟಲಿಯಲ್ಲಿ ಹುಳು ಕಾಣುತ್ತದೆ? ಎಷ್ಟು ದಿನದಲ್ಲಿ?

1668ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ರೆಡಿ ಮಾಂಸದ ಮೇಲೆ ಇಂಥದ್ದೇ ಪರೀಕ್ಷೆ ಮಾಡಿ, ಕೊಳೆಯುವ ಮಾಂಸದಿಂದ ಹುಳು ತಾನಾಗಿ ಹುಟ್ಟುವುದಿಲ್ಲ, ನೊಣ ಇಟ್ಟ ಮೊಟ್ಟೆಯಿಂದ ಹುಟ್ಟುತ್ತದೆ ಎಂದು ತೋರಿಸಿದ. ಇದನ್ನು ಪಾಠದಲ್ಲಿ ಓದಿದ ಮಕ್ಕಳು "ಮುಚ್ಚಿದ್ದರಲ್ಲಿ ಬರುವುದಿಲ್ಲ" ಎಂದು ಧೈರ್ಯವಾಗಿ ಬರೆಯುತ್ತಾರೆ. ಆದರೆ ಕೆಲವೊಮ್ಮೆ ಮುಚ್ಚಿದ ಬಾಟಲಿಯಲ್ಲೂ ಒಂದೆರಡು ಹುಳು ಹರಿದಾಡುವುದುಂಟು. ಆಗ ಕೋಣೆಯಲ್ಲಿ ಏಳುವ ಗಲಾಟೆ ನನಗೆ ಬಹಳ ಇಷ್ಟ. ರೆಡಿ ತಪ್ಪೇ? ಬಟ್ಟೆ ಸಡಿಲವಿತ್ತೇ? ಸಿಪ್ಪೆ ಬಿರಿದಿದ್ದ ಕಡೆ ಮೊದಲೇ ಮೊಟ್ಟೆ ಇತ್ತೇ? ಉತ್ತರವನ್ನು ಹೇಳಬೇಡಿ. ಬಿರಿದ ಹಣ್ಣಿನದೊಂದು, ಬಿರಿಯದ ಹಣ್ಣಿನದೊಂದು ಬಾಟಲಿ ಹೂಡಲು ಹೇಳಿ, ಎರಡಕ್ಕೂ ಹೊಸ ಊಹೆ ಬರೆಸಿ. ಪುಸ್ತಕದ ವಾಕ್ಯ ಮಕ್ಕಳ ಸ್ವಂತ ಪ್ರಶ್ನೆಯಾಗುವುದು ಇಲ್ಲಿ. ಮನೆಯ ಹಿರಿಯರು ಈ ಹಂತದಲ್ಲಿ ಬಾಯಿ ಬಿಡದೆ ಕೂರುವುದು ಕಷ್ಟ, ಆದರೂ ಕೂರಲೇಬೇಕು.

ಹುಳು ಬಂದ ಮೇಲೆ ಭೂತಗನ್ನಡಿ ಹಿಡಿದು ಸುಮ್ಮನೆ ನೋಡಿ. 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೊಟ್ಟೆಯಿಂದ ರೆಕ್ಕೆ ಬಂದ ನೊಣದವರೆಗೆ ಸುಮಾರು ಹತ್ತು ದಿನ. ಬಿಳಿ ಹುಳುವಿನ ಮೂತಿಯಲ್ಲಿ ಎರಡು ಕಪ್ಪು ಕೊಕ್ಕೆಗಳು ಹಿಂದೆ ಮುಂದೆ ಆಡುತ್ತವೆ. ಅದೇ ಅದರ ಬಾಯಿ. ನಾಲ್ಕೈದು ದಿನ ಹಣ್ಣಿನೊಳಗೆ ಮುಳುಗಿ ತಿಂದ ಹುಳು ಒಮ್ಮೆಗೇ ತಿನ್ನುವುದನ್ನು ಬಿಟ್ಟು ಗಾಜಿನ ಗೋಡೆ ಹತ್ತಲು ಶುರು ಮಾಡುತ್ತದೆ. ಒಣ ಜಾಗ ಹುಡುಕಿ ನಿಲ್ಲುತ್ತದೆ, ಗಿಡ್ಡವಾಗುತ್ತದೆ, ಅದರ ಚರ್ಮವೇ ಗಟ್ಟಿಯಾಗಿ ಕಂದುಬಣ್ಣದ ಕೋಶವಾಗುತ್ತದೆ. ಕೋಶದ ಮುಂತುದಿಯಲ್ಲಿ ಎರಡು ಪುಟ್ಟ ಕೊಂಬುಗಳಿರುತ್ತವೆ, ಉಸಿರಾಟಕ್ಕೆ. ಬಿರಿಯುವ ಹಿಂದಿನ ದಿನ ಕೋಶದ ಗೋಡೆಯ ಮೂಲಕ ಕೆಂಪು ಕಣ್ಣು ಕಾಣುತ್ತದೆ, ಆಮೇಲೆ ಮಡಿಸಿದ ರೆಕ್ಕೆಗಳ ಕಪ್ಪು ಗುರುತು. ಈ ಕಪ್ಪು ಗುರುತನ್ನು ನೆನಪಿಟ್ಟುಕೊಳ್ಳಿ, ಮುಂದಿನ ಪಣಕ್ಕೆ ಬೇಕು.

ಎರಡನೆಯ ಪಣ: ಯಾವ ಹೊತ್ತಿನಲ್ಲಿ ಹೊರಬರುತ್ತವೆ?

ನನ್ನ ಪ್ರಕಾರ ಇಡೀ ಕ್ರಮದ ಹೃದಯ ಇದು. ಸಮಯ ಕಡಿಮೆಯಿದ್ದವರು ಬೇರೆಯದನ್ನು ಬಿಟ್ಟರೂ ಇದನ್ನು ಬಿಡಬಾರದು.

ಕೋಶದಿಂದ ನೊಣ ಹೊರಬರುವುದು ದಿನದ ಯಾವ ಹೊತ್ತಿನಲ್ಲಿ? ಊಹೆ ಬರೆಯಿರಿ. "ಯಾವಾಗ ಬೇಕಾದರೂ" ಎಂದು ಬರೆಯುವವರೇ ಹೆಚ್ಚು. ಹಕ್ಕಿಗಳ ಕಣ್ಣಿಗೆ ಬೀಳಬಾರದೆಂದು ರಾತ್ರಿ ಬರುತ್ತವೆ ಎನ್ನುವವರಿದ್ದಾರೆ, ಬಿಸಿಲೇರಿದ ಮೇಲೆ ಎನ್ನುವವರಿದ್ದಾರೆ. ಎಲ್ಲರೂ ಕಾರಣವನ್ನೂ ಒಂದು ಸಾಲು ಬರೆಯಬೇಕು.

ಗೋಡೆಯ ತುಂಬ ಕಪ್ಪು ರೆಕ್ಕೆಯ ಗುರುತಿನ ಕೋಶಗಳಿರುವ ಬಾಟಲಿಯನ್ನು ಆರಿಸಿ. ಅದರಲ್ಲಿ ಈಗಾಗಲೇ ಹಾರುವ ನೊಣಗಳಿದ್ದರೆ ಖಾಲಿ ಬಾಟಲಿಗೆ ವರ್ಗಾಯಿಸಿ. ಎರಡೂ ಬಾಟಲಿಯ ಬಾಯಿಗೆ ಬಾಯಿ ಹೊಂದಿಸಿ, ಖಾಲಿ ಬಾಟಲಿಯನ್ನು ಕಿಟಕಿಯ ಬೆಳಕಿನತ್ತ ಹಿಡಿದು ಮೆಲ್ಲಗೆ ತಟ್ಟಿದರೆ ಅವು ತಾವೇ ಹೋಗುತ್ತವೆ. ಆಮೇಲೆ ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10, ಈ ಹೊತ್ತುಗಳಲ್ಲಿ ಹೊಸದಾಗಿ ಬಂದ ನೊಣಗಳನ್ನು ಎಣಿಸಿ, ಹೀಗೆಯೇ ತೆಗೆದು, ಬರೆಯಿರಿ. ಮೂರು ದಿನ ಬಿಡದೆ ಮಾಡಿ. ಹೊಸ ನೊಣವನ್ನು ಗುರುತಿಸುವುದು ಸುಲಭ: ಮೈ ಬಿಳಿಚಿಕೊಂಡಿರುತ್ತದೆ, ಉದ್ದಕ್ಕೆ ಎಳೆದಂತಿರುತ್ತದೆ, ರೆಕ್ಕೆ ಇನ್ನೂ ಸುರುಟಿಕೊಂಡಿರುತ್ತದೆ. ಸ್ವಲ್ಪ ಹೊತ್ತಿನಲ್ಲಿ ರೆಕ್ಕೆ ಬಿಚ್ಚಿಕೊಂಡು ಮೈಗೆ ಬಣ್ಣ ಏರುತ್ತದೆ. ಬೆಳಗಿನ ಹೊತ್ತು ಕಾಯುವ ತಾಳ್ಮೆಯಿದ್ದರೆ ಕೋಶದ ಮುಚ್ಚಳ ಮೇಲೆದ್ದು ತಲೆ ಹೊರಬರುವುದನ್ನೇ ಕಾಣಬಹುದು.

ಅಂಕಿಗಳನ್ನು ಕೂಡಿಸಿದಾಗ ಬೆಳಗಿನ ಸಾಲು ಉಳಿದೆಲ್ಲವನ್ನೂ ಮೀರಿಸುತ್ತದೆ. ಬೆಳಗಾಗುವ ಹೊತ್ತಿನ ಆಸುಪಾಸಿನಲ್ಲಿ ಗುಂಪಾಗಿ ಬರುತ್ತವೆ, ಮಧ್ಯಾಹ್ನದ ಹೊತ್ತಿಗೆ ಇಳಿಮುಖ, ರಾತ್ರಿ ಬಹುಮಟ್ಟಿಗೆ ಇಲ್ಲ. ಬೆಳಗಿನ ಗಾಳಿಯಲ್ಲಿ ತೇವ ಹೆಚ್ಚು, ಹಸಿ ಮೈಯ ನೊಣ ಒಣಗಿ ಸಾಯದೆ ರೆಕ್ಕೆ ಬಿಚ್ಚಿಕೊಳ್ಳಬಹುದು ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಇಲ್ಲಿಗೇ ನಿಲ್ಲಿಸಿದರೆ ಅದೊಂದು ಸ್ವಾರಸ್ಯಕರ ಮಾಹಿತಿ, ಅಷ್ಟೇ. ನಿಲ್ಲಿಸಬೇಡಿ. ಬೆಳಗಾಯಿತೆಂದು ಕೋಶದೊಳಗಿನ ನೊಣಕ್ಕೆ ಹೇಳುವವರು ಯಾರು?

"ಬೆಳಕು" ಎಂದು ಎಲ್ಲರೂ ಒಟ್ಟಿಗೆ ಹೇಳುತ್ತಾರೆ. ಸರಿ, ಹಾಗಾದರೆ ಬೆಳಕೇ ಇಲ್ಲದ ಕಡೆ ಇಟ್ಟರೆ ಏನಾಗಬೇಕು? ಬೆಳಗಿನ ಗುಂಪು ಚದುರಿ ಹೋಗಬೇಕು. ಬರೆಯಿರಿ. ಹುಳುವಾಗಿದ್ದಾಗ ಹಗಲು ರಾತ್ರಿ ಕಂಡು ಬೆಳೆದ ಬಾಟಲಿಯನ್ನು ಕೋಶವಾದ ಮೇಲೆ ಕತ್ತಲ ಬೀರುವಿನೊಳಗೆ ಇಡಿ. ಎಣಿಸುವಾಗ ಟಾರ್ಚಿಗೆ ಗಾಢ ಕೆಂಪು ಜಿಲೆಟಿನ್ ಕಾಗದವನ್ನು ನಾಲ್ಕು ಪದರ ಸುತ್ತಿಕೊಳ್ಳಿ. ಆ ಕೆಂಪು ಬೆಳಕು ಈ ನೊಣಗಳಿಗೆ ಕಾಣುವುದು ತೀರ ಕಡಿಮೆ. ಕತ್ತಲಲ್ಲೂ ಅವು ಬೆಳಗಿನ ಹೊತ್ತನ್ನೇ ಹಿಡಿಯುತ್ತವೆ.

ಈ ಫಲಿತಾಂಶ ಬಂದ ದಿನ ನಮ್ಮ ಗುಂಪಿನ ಒಬ್ಬ ಹುಡುಗಿ, ಏಳನೆಯ ತರಗತಿಯವಳು, ಒಪ್ಪಲಿಲ್ಲ. "ಅಜ್ಜಿ, ಬೀರುವಿನೊಳಗೆ ಬೆಳಕಿಲ್ಲ ನಿಜ. ಆದರೆ ಬೆಳಗಿನ ಜಾವ ಅಲ್ಲೂ ತಂಪಾಗಿರುತ್ತದೆಯಲ್ಲ? ತಂಪು ಗೊತ್ತಾಗಿ ಬಂದಿರಬಹುದು" ಎಂದಳು. ಎಂಥ ಮಾತು! ಮೂವತ್ತು ಪುಟದ ಪಾಠ ಕಲಿಸಲಾರದ್ದನ್ನು ಆ ಮಗು ತಾನೇ ಕಂಡುಕೊಂಡಿತ್ತು: ಒಂದೇ ಫಲಿತಾಂಶಕ್ಕೆ ಎರಡು ಕಾರಣ ಹೊಂದುತ್ತಿದ್ದರೆ, ಎರಡನ್ನೂ ಬೇರ್ಪಡಿಸುವ ಪರೀಕ್ಷೆ ಬೇಕು. ಬೇರ್ಪಡಿಸುವ ಉಪಾಯವನ್ನೂ ಮಕ್ಕಳೇ ಹುಡುಕಿದರು. ಬೀರುವಿನ ತಳದಲ್ಲಿ ನೀರು ತುಂಬಿದ ಬಕೆಟ್ ಇಟ್ಟು, ಬಾಟಲಿಗೆ ಕಲ್ಲು ಕಟ್ಟಿ ಕುತ್ತಿಗೆಯವರೆಗೆ ಅದರಲ್ಲಿ ಮುಳುಗಿಸಿದರು. ಅಷ್ಟು ನೀರು ಒಂದು ರಾತ್ರಿಯಲ್ಲಿ ಬೇಗ ತಣಿಯುವುದಿಲ್ಲ, ಹಗಲಲ್ಲಿ ಬೇಗ ಕಾಯುವುದೂ ಇಲ್ಲ. ನೀರಿನಲ್ಲಿ ಉಷ್ಣಮಾಪಕ ಇಟ್ಟು ಅದನ್ನೂ ಬರೆದುಕೊಂಡರು. ಫಲಿತಾಂಶವನ್ನು ನೀವೇ ನೋಡಿ. ಉಷ್ಣತೆ ಎಷ್ಟು ಕಡಿಮೆ ಏರಿಳಿಯುತ್ತದೋ ನಿಮ್ಮ ಉತ್ತರ ಅಷ್ಟು ಗಟ್ಟಿ.

ದೊಡ್ಡ ಪ್ರಯೋಗಾಲಯದಲ್ಲಿ ಉಷ್ಣತೆಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡಬಹುದು. ಅಲ್ಲಿ ಸಂಪೂರ್ಣ ಕತ್ತಲಲ್ಲೂ ಲಯ ಉಳಿಯುತ್ತದೆ. ಗಡಿಯಾರ ನೊಣದ ಒಳಗೇ ಇದೆ. 1971ರಲ್ಲಿ ಕ್ಯಾಲಿಫೋರ್ನಿಯದಲ್ಲಿ ರೊನಾಲ್ಡ್ ಕೊನೊಪ್ಕ ಮತ್ತು ಸೈಮರ್ ಬೆಂಜರ್ ಇದೇ ಎಣಿಕೆಯನ್ನು ಹಿಡಿದು, ಗಡಿಯಾರ ಕೆಟ್ಟ ನೊಣಗಳನ್ನು ಹುಡುಕಿದರು. ಮೂರು ಬಗೆ ಸಿಕ್ಕವು. ಒಂದರ ದಿನ ಸುಮಾರು 19 ಗಂಟೆ, ಇನ್ನೊಂದರದು ಸುಮಾರು 28 ಗಂಟೆ, ಮೂರನೆಯದಕ್ಕೆ ಲಯವೇ ಇರಲಿಲ್ಲ. ಮೂರೂ ಕಡೆ ಕೆಟ್ಟಿದ್ದು ಒಂದೇ ಜೀನ್. ಅದಕ್ಕೆ ಪೀರಿಯಡ್ ಎಂದು ಹೆಸರಿಟ್ಟರು. ಮುಂದೆ ಆ ಜೀನ್ ಕೆಲಸ ಮಾಡುವ ಬಗೆಯನ್ನು ಬಿಡಿಸಿದ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬಾಷ್ ಮತ್ತು ಮೈಕೇಲ್ ಯಂಗ್ ಅವರಿಗೆ 2017ರ ನೊಬೆಲ್ ಬಂತು. ಜೀನ್ ತಯಾರಿಸುವ ಪ್ರೋಟೀನ್ ರಾತ್ರಿ ಜೀವಕೋಶದಲ್ಲಿ ಸೇರುತ್ತ ಹೋಗಿ ಅದೇ ಜೀನನ್ನು ತಡೆಯುತ್ತದೆ. ಹಗಲಲ್ಲಿ ಪ್ರೋಟೀನ್ ಕರಗಿದಾಗ ತಡೆ ಸಡಿಲಗೊಂಡು ಮತ್ತೆ ಶುರು. ಒಂದು ಸುತ್ತಿಗೆ ಸುಮಾರು 24 ಗಂಟೆ. ಇದರ ಹತ್ತಿರದ ನೆಂಟ ಜೀನ್‌ಗಳು ನಮ್ಮೊಳಗೂ ಇವೆ. ರಾತ್ರಿಪಾಳಿ ಮಾಡುವವರ ನಿದ್ದೆ ಕೆಡುವುದಕ್ಕೂ ಬಾಟಲಿಯ ನೊಣಕ್ಕೂ ಸಂಬಂಧ ಇರುವುದು ಹೀಗೆ.

ಈ ಕಥೆಯನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ. ತಾವು ಎಣಿಸಿ, ಜಗಳವಾಡಿ, ಬಕೆಟ್ ಹೊತ್ತ ಮೇಲೆ ಹೇಳಿ. ಮೊದಲು ಹೇಳಿದರೆ ಅದು ಪರೀಕ್ಷೆಗೆ ಉರು ಹೊಡೆಯುವ ಇನ್ನೊಂದು ಸಾಲು. ಆಮೇಲೆ ಹೇಳಿದರೆ, ತಾವು ಕೇಳಿದ ಪ್ರಶ್ನೆಯನ್ನೇ ದೂರದ ಊರಿನಲ್ಲಿ ಇನ್ನಾರೋ ಕೇಳಿದ್ದರು ಎಂದು ಅವರ ಮುಖ ಅರಳುತ್ತದೆ.

ಬೇಸರ ಬಂದಾಗ

ಎಣಿಸುವುದು ಬೇಸರದ ಕೆಲಸ. ಇದನ್ನು ಮುಚ್ಚಿಡುವುದು ಸರಿಯಲ್ಲ. ವಿಜ್ಞಾನಿಯ ದಿನದಲ್ಲಿ ತೊಳೆಯುವುದು, ಅಳೆಯುವುದು, ಎಣಿಸುವುದು, ಮತ್ತೆ ಎಣಿಸುವುದೇ ಬಹುಪಾಲು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೊಫಿಲ ತಳಿಗಳನ್ನು ಕಾಪಾಡುವ ಕೇಂದ್ರವೇ ಇದೆ. ಬಾಟಲಿ ಬಾಟಲಿಗಳಲ್ಲಿ ಬೇರೆ ಬೇರೆ ಪ್ರಭೇದ, ಬೇರೆ ಬೇರೆ ತಳಿ. ನಾನು ಎಂ.ಎಸ್‌ಸಿ. ಓದಿದ್ದು ಆ ವಿಭಾಗದಲ್ಲೇ. ಅಲ್ಲಿ ನೊಣಗಳಿಗೆ ಹಾಕುವ ಆಹಾರವನ್ನು ನಮ್ಮ ಅಡುಗೆಮನೆಯ ಸಾಮಾನಿನಿಂದಲೇ ಮಾಡುತ್ತಾರೆ: ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್. ಕುದಿಸಿ ಇಳಿಸಿದ ಮೇಲೆ ಬೂಷ್ಟು ಹಿಡಿಯದಂತೆ 7.5 ಮಿಲಿಲೀಟರ್ ಪ್ರೊಪಿಯಾನಿಕ್ ಆಮ್ಲ. ಸಜ್ಜಿಗೆ ಕೆದಕುವಂತೆಯೇ ಗಂಟಾಗದಂತೆ ಕೆದಕುತ್ತಿರಬೇಕು. ಮನೆಯಲ್ಲಿ ಮಾಡುವವರು ಅಗರ್ ಬದಲು ದಿನಸಿ ಅಂಗಡಿಯ ಚೈನಾ ಗ್ರಾಸ್ ಬಳಸಬಹುದು, ಆಮ್ಲದ ಬದಲು ಸ್ವಲ್ಪ ವಿನೆಗರ್ ಸಾಕು. ಪ್ರೊಪಿಯಾನಿಕ್ ಆಮ್ಲವನ್ನು ಮಕ್ಕಳ ಕೈಗೆ ಕೊಡಬಾರದು. ಹಣ್ಣಿಗಿಂತ ಈ ಆಹಾರ ಹೆಚ್ಚು ದಿನ ಕೆಡದೆ ನಿಲ್ಲುತ್ತದೆ.

ಇದೇ ರವೆ ಬೆಲ್ಲ ತಿಂದ ನೊಣಗಳಿಂದ ಈ ವಿಭಾಗ ಜಗತ್ತು ಗಮನಿಸುವ ಕೆಲಸ ಮಾಡಿದೆ. ಡ್ರೊಸೊಫಿಲ ನಸುಟ ಎಂಬ ಪ್ರಭೇದಕ್ಕೆ 8 ವರ್ಣತಂತು (ಜೀವಕೋಶದಲ್ಲಿ ಜೀನ್‌ಗಳನ್ನು ಹೊತ್ತ ಎಳೆ), ಅದರ ಹತ್ತಿರದ ಸಂಬಂಧಿ ಅಲ್ಬೊಮಿಕಾನ್ಸ್‌ಗೆ 6. ಎಚ್.ಎ. ರಂಗನಾಥ್, ಎನ್.ಬಿ. ರಾಮಚಂದ್ರ ಮೊದಲಾದವರು ಇವೆರಡನ್ನು ಕೂಡಿಸಿ ಪೀಳಿಗೆಯ ಮೇಲೆ ಪೀಳಿಗೆ ಸಾಕಿ ನೋಡಿದಾಗ, ಎರಡೂ ಕಡೆಯ ವರ್ಣತಂತುಗಳನ್ನು ಬೆರೆಸಿಕೊಂಡು ಸ್ಥಿರವಾಗಿ ನಿಂತ ಹೊಸ ಕುಲಗಳು ಹುಟ್ಟಿಕೊಂಡವು. ಹೊಸ ಪ್ರಭೇದ ಹೇಗೆ ಟಿಸಿಲೊಡೆಯಬಹುದು ಎಂಬುದರ ಮೊದಲ ಹೆಜ್ಜೆಗಳನ್ನು ಬಾಟಲಿಯಲ್ಲೇ ನೋಡುವ ಅವಕಾಶ ಅದು. ಪ್ರತಿ ಪೀಳಿಗೆಗೂ ಆಹಾರ ಬೇಯಿಸಿ, ಬಾಟಲಿ ಬದಲಿಸಿ, ವರ್ಣತಂತು ಎಣಿಸುತ್ತ ವರ್ಷಗಳನ್ನು ಕಳೆಯುವುದು ಒಣ ಶಿಸ್ತಿನಿಂದ ಆಗುವ ಕೆಲಸವಲ್ಲ. ಮುಂದಿನ ಪೀಳಿಗೆಯಲ್ಲಿ ಏನು ಕಂಡೀತು ಎಂಬ ಪಣ ಒಳಗಿದ್ದರೆ ಮಾತ್ರ ಎಣಿಕೆ ಸಾಗುತ್ತದೆ.

ಮಂಡ್ಯದ ಕಡೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿದೆ. ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ಅಲ್ಲಿ ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ರಾಗಿಯ ತೆನೆಯನ್ನು ಹೂ ಬಿಡುವ ಕಾಲದಲ್ಲಿ ಭೂತಗನ್ನಡಿಯಿಂದ ಒಮ್ಮೆ ನೋಡಿ, ಆ ಕೆಲಸ ಎಂಥದ್ದೆಂದು ತಿಳಿಯುತ್ತದೆ. ಒಂದೊಂದು ಹೂವೂ ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು, ಹೊಟ್ಟಿನೊಳಗೆ ಅಡಗಿರುತ್ತದೆ, ತನ್ನ ಪರಾಗದಿಂದಲೇ ತಾನು ಕಾಳು ಕಟ್ಟಿಬಿಡುತ್ತದೆ. ಬೇರೆ ತಳಿಯ ಪರಾಗಕ್ಕೆ ಅಲ್ಲಿ ಜಾಗ ಮಾಡಿಕೊಡುವುದು ಸೂಜಿಯ ಮೊನೆಯ ಕೆಲಸ. ಅದರ ಫಲ ಗೊತ್ತಾಗಲು ಮುಂದಿನ ಬೆಳೆಯವರೆಗೆ ಕಾಯಬೇಕು. ಬೇಸರ ಬಂದ ಮಕ್ಕಳಿಗೆ ನಾನು ಉಪದೇಶ ಮಾಡುವುದಿಲ್ಲ, ಆ ತೆನೆಯನ್ನು ತೋರಿಸುತ್ತೇನೆ.

ಇನ್ನೊಂದು ಉಪಾಯ: ಎಣಿಕೆ ಅರ್ಧವಾದಾಗ ನಿಲ್ಲಿಸಿ ಲೆಕ್ಕವನ್ನು ಎಲ್ಲರ ಮುಂದೆ ಹರಡಿ. 1911ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಆಲ್ಫ್ರೆಡ್ ಸ್ಟರ್ಟಿವಂಟ್ ಎಂಬ ಪದವಿ ವಿದ್ಯಾರ್ಥಿ, ಟಿ.ಎಚ್. ಮಾರ್ಗನ್ ಅವರ ನೊಣದ ಕೋಣೆಯಲ್ಲಿ ಬೇರೆಯವರು ಎಣಿಸಿಟ್ಟಿದ್ದ ಅಂಕಿಗಳನ್ನು ಮನೆಗೆ ಒಯ್ದ. ಯಾವ ಎರಡು ಗುಣಗಳು ಎಷ್ಟು ಬಾರಿ ಅಗಲುತ್ತವೆ ಎಂಬುದರಿಂದ ಅವುಗಳ ಜೀನ್‌ಗಳ ನಡುವಣ ದೂರ ತಿಳಿಯಬಹುದು ಎಂದು ಅವನಿಗೆ ಹೊಳೆದಿತ್ತು. ಕಾಲೇಜಿನ ಮನೆಗೆಲಸವನ್ನು ಬದಿಗಿಟ್ಟು ರಾತ್ರಿಯ ಬಹುಭಾಗ ಕೂತು, ವರ್ಣತಂತುವಿನ ಮೇಲೆ ಜೀನ್‌ಗಳು ಸಾಲಾಗಿರುವ ಮೊದಲ ನಕ್ಷೆ ಬರೆದ. 1913ರಲ್ಲಿ ಅದು ಪ್ರಕಟವಾಯಿತು. ಬೇಸರದ ಅಂಕಿಗಳೇ ಅವನಿಗೆ ನಿದ್ದೆ ಬಿಡಿಸಿದವು. ಹತ್ತನೆಯ ತರಗತಿಯ ಹುಡುಗರಿಗೆ ಈ ಕಥೆ ಬಹಳ ಹಿಡಿಸುತ್ತದೆ.

ಚಾಮುಂಡಿ ಬೆಟ್ಟದ ಬೇರೆ ಬೇರೆ ಎತ್ತರಗಳಲ್ಲಿ ಬಾಳೆಹಣ್ಣಿನ ಬಾಟಲಿಗಳನ್ನಿಟ್ಟು, ಎಲ್ಲಿ ಯಾವ ಪ್ರಭೇದ ಎಷ್ಟಿದೆ ಎಂದು ಎಣಿಸಿದ ಅಧ್ಯಯನಗಳೂ ಮೈಸೂರು ವಿಶ್ವವಿದ್ಯಾಲಯದಿಂದ ಬಂದಿವೆ. ಸಾವಿರ ಮೆಟ್ಟಿಲಿನ ದಾರಿಯಲ್ಲಿ ನೀವೂ ಪ್ರಯತ್ನಿಸಬೇಕೆಂದರೆ ಬಾಟಲಿಯನ್ನು ಕೋತಿಗಳ ಕೈಗೆ ಸಿಗದಂತೆ ಪೊದೆಯೊಳಗೆ ಕಟ್ಟಬೇಕು, ಮರುದಿನ ಮರೆಯದೆ ಎಲ್ಲವನ್ನೂ ಹಿಂದಕ್ಕೆ ತರಬೇಕು.

ವಿಜ್ಞಾನಿಯನ್ನು ಕಂಡಾಗ ಏನು ಕೇಳಬೇಕು

ಮೈಸೂರಿನವರಿಗೆ ಒಂದು ಭಾಗ್ಯವಿದೆ: ವಿಜ್ಞಾನಿಗಳು ನೆರೆಹೊರೆಯಲ್ಲೇ ಸಿಗುತ್ತಾರೆ. 1950ರಲ್ಲಿ ಚೆಲುವಾಂಬ ವಿಲಾಸ ಅರಮನೆಯಲ್ಲಿ ಶುರುವಾದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ರಕ್ಷಣಾ ಆಹಾರ ಸಂಶೋಧನಾಲಯ ಎಂದು ಹೆಸರಾದ ಸಂಸ್ಥೆ ಇದೆ, ವಿಶ್ವವಿದ್ಯಾಲಯ ಇದೆ. ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ. ಆದರೆ ಹೋದವರು "ಇದರಿಂದ ಏನು ಉಪಯೋಗ?" ಎಂದು ಮೊದಲೇ ಕೇಳಿಬಿಡುತ್ತಾರೆ. ಕೇಳಬಾರದ ಪ್ರಶ್ನೆಯಲ್ಲ, ಕೊನೆಗೆ ಕೇಳಬೇಕಾದದ್ದು. ಅದನ್ನು ಮೊದಲು ಕೇಳಿದರೆ ಅವರು ಕಚೇರಿಯ ಉತ್ತರ ಕೊಡುತ್ತಾರೆ, ಕಣ್ಣಿನ ಹೊಳಪು ಕಾಣುವುದಿಲ್ಲ.

ಬದಲಿಗೆ ಹೀಗೆ ಕೇಳಿಸಿ: "ಮೇಡಂ, ನೀವು ಏನಾಗುತ್ತದೆ ಎಂದುಕೊಂಡಿದ್ದಿರಿ? ಏನಾಯಿತು?" ಈ ಪ್ರಶ್ನೆಗೆ ಕುರ್ಚಿ ಎಳೆದು ಕೂತು ಉತ್ತರಿಸದ ವಿಜ್ಞಾನಿಯನ್ನು ನಾನು ಕಂಡಿಲ್ಲ. ಮುಂದಿನ ಪ್ರಶ್ನೆ: "ನಿಮ್ಮ ಊಹೆ ತಪ್ಪು ಎನ್ನಲು ಏನು ಕಂಡರೆ ಸಾಕು?" ಆಮೇಲೆ: "ಈ ವಾರ ಏನನ್ನು ಅಳೆದಿರಿ, ನಮಗೆ ತೋರಿಸುತ್ತೀರಾ?" ಎಮ್ಮೆಯ ಹಾಲಿನಿಂದ ಹಸುಗೂಸಿನ ಆಹಾರ ಮಾಡುವ ವಿಧಾನವನ್ನು 1950ರ ದಶಕದಲ್ಲಿ ರೂಪಿಸಿದ್ದು ಸಿಎಫ್‌ಟಿಆರ್‌ಐ, ಮುಂದೆ ಅಮುಲ್ ಅದನ್ನು ತಯಾರಿಸಿತು. ಎಮ್ಮೆ ಹಾಲಿನ ಕೊಬ್ಬು ಕೂಸಿಗೆ ಜೀರ್ಣವಾಗುವುದು ಕಷ್ಟ ಎಂಬ ತೊಡಕನ್ನು ದಾಟಿದ್ದು ಹೇಗೆ ಎಂದು ಕೇಳಿದರೆ ಅದರಲ್ಲಿ ಉಪಯೋಗವೂ ಬರುತ್ತದೆ, ಪಣವೂ ಬರುತ್ತದೆ.

ಹೋಗುವಾಗ ಮಕ್ಕಳ ನೋಟು ಪುಸ್ತಕವನ್ನು ತಪ್ಪದೆ ಒಯ್ಯಿರಿ. ಸ್ವಂತ ಅಂಕಿಗಳಿರುವ ಪುಟವನ್ನು ತೋರಿಸಿದ ಮಗುವಿನೊಂದಿಗೆ ವಿಜ್ಞಾನಿ ಮಾತನಾಡುವ ಧಾಟಿಯೇ ಬೇರೆಯಾಗುತ್ತದೆ.

ಮೂರನೆಯ ಪಣ

ಹಳೆಯ ಬಾಟಲಿಯನ್ನು ಎಸೆಯುವ ಮೊದಲು ಒಂದು ರಾತ್ರಿ ಫ್ರೀಜರಿನಲ್ಲಿಡಿ. ಇಲ್ಲದಿದ್ದರೆ ಮನೆಯ ತುಂಬ ನೊಣವಾಗಿ ಮುಂದಿನ ಬಾರಿ ಅಡುಗೆಮನೆಯಲ್ಲಿ ನಿಮಗೆ ಜಾಗ ಸಿಗುವುದಿಲ್ಲ. ಬಾಟಲಿಗಳನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿನಲ್ಲಿ ಒಣಗಿಸಿ, ಹೊಸ ನೊಣಗಳನ್ನು ಬಿಡಿ.

ನೊಣವಿರುವ ಬಾಟಲಿಯನ್ನು ಮೇಜಿನ ಮೇಲೆ ತಟ್ಟಿದರೆ ಎಲ್ಲವೂ ತಳಕ್ಕೆ ಬಿದ್ದು, ಕೂಡಲೇ ಗೋಡೆ ಹತ್ತಿ ಮೇಲಕ್ಕೆ ಹೋಗುತ್ತವೆ. ಕಿಟಕಿಯ ಪಕ್ಕ ಹಿಡಿದರೆ ಬೆಳಕಿನತ್ತ ಓಡುತ್ತವೆ. ಎರಡೂ ನೀವು ಕಂಡಿರುವುದೇ. ಈಗ ಬಾಟಲಿಯ ಮೇಲಿನ ಅರ್ಧಕ್ಕೆ ಕಪ್ಪು ಕಾಗದ ಸುತ್ತಿ, ಕತ್ತಲ ಕೋಣೆಯಲ್ಲಿ ತಳದ ಕೆಳಗಿನಿಂದ ಟಾರ್ಚ್ ಹಿಡಿದು ತಟ್ಟಿದರೆ ಅವು ಮೇಲೆ ಹತ್ತುತ್ತವೆಯೇ, ಬೆಳಕಿನ ಬಳಿ ಉಳಿಯುತ್ತವೆಯೇ? ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ ಹೋಗುತ್ತವೆಯೇ? ಹಲವು ಪ್ರಭೇದಗಳಲ್ಲಿ ಗಂಡಿನ ಹೊಟ್ಟೆಯ ತುದಿ ದುಂಡಗೆ ಕಪ್ಪಗಿರುತ್ತದೆ, ಹೆಣ್ಣಿನದು ಚೂಪಾಗಿ ಪಟ್ಟೆಪಟ್ಟೆಯಾಗಿರುತ್ತದೆ. ಖಾಲಿ ಬಾಟಲಿಗೆ ವರ್ಗಾಯಿಸಿ ಕೆಲವು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ನೊಣಗಳು ಮಂಕಾಗಿ ನಿಲ್ಲುವುದರಿಂದ ಬೇರ್ಪಡಿಸಿ ಎಣಿಸಬಹುದು. ಅವು ಚೇತರಿಸಿಕೊಂಡು ಓಡಾಡುವವರೆಗೆ ಕಾದು ಆಮೇಲೆ ಪರೀಕ್ಷಿಸಿ.

ಫಲಿತಾಂಶವನ್ನು ನಾನು ಬರೆಯುವುದಿಲ್ಲ, ಬರೆದರೆ ನಿಮ್ಮ ಪಣ ಕೆಡುತ್ತದೆ. ಕನಿಷ್ಠ ಮೂರು ಬಾಟಲಿಗಳಲ್ಲಿ ಮಾಡಿ. ಟಾರ್ಚಿನ ಬಿಸಿಯೇ ಅವುಗಳನ್ನು ಎಳೆಯಿತೋ ದೂಡಿತೋ ಎಂಬ ಸಂಶಯ ಬಾರದಂತೆ ಎಲ್‌ಇಡಿ ಟಾರ್ಚನ್ನೇ ಬಳಸಿ, ಮತ್ತು ಒಂದು ಬಾಟಲಿಯನ್ನು ಬೆಳಕು ಮೇಲಿರುವಂತೆ ಹೋಲಿಕೆಗೆಂದು ಇಟ್ಟುಕೊಳ್ಳಿ. ತಟ್ಟಿದ ಮೇಲೆ ಎಷ್ಟು ಸೆಕೆಂಡಿಗೆ ಎಣಿಸುವುದು ಎಂದು ಮೊದಲೇ ಗೊತ್ತುಮಾಡಿಕೊಂಡು, ಅದನ್ನೂ ಊಹೆಯ ಪುಟದಲ್ಲೇ ಬರೆದಿಡಿ.